ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಪುಟ ಸಿಗುತ್ತಿಲ್ಲ: ಎಲ್ಲಿ ಹುಡುಕಬೇಕು?

ಪ್ರಶ್ನೆ: ಹೋಂಸ್ಟೇ ವೆಬ್‌ಸೈಟ್ ನೋಡಿಕೊಳ್ಳುವವರು, ಚಿಕ್ಕಮಗಳೂರು

ಸರ್, ನಮಸ್ಕಾರ. ನಮ್ಮದು ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇ ಸೈಟ್, ಲಾರಾವೆಲ್ ಅನ್ನೋ ಸೈಟ್ ಕಟ್ಟುವ ಸಾಫ್ಟ್‌ವೇರಲ್ಲಿ ಮಾಡಿದ್ದು. ರೂಮ್ ಬುಕ್ ಆದ ತಕ್ಷಣ ಅತಿಥಿಗೆ ಒಂದು ಮೇಲ್ ಹೋಗುತ್ತೆ. ಬರುವ ಹಿಂದಿನ ದಿನ ಬೆಳಗ್ಗೆ 6ಕ್ಕೆ ರಿಮೈಂಡರ್ ಮೇಲ್ ಇನ್ನೊಂದು. ಎರಡರಲ್ಲೂ ಬುಕಿಂಗ್ ನೋಡೋ ಲಿಂಕ್ ಇದೆ. ಹೋಸ್ಟಿಂಗ್ ಬದಲಿಸಿದ ಮೇಲೆ ಮೊದಲನೇ ಮೇಲ್ ಕೆಲವರಿಗೆ ಸರಿ, ಕೆಲವರಿಗೆ 404 (ಪುಟ ಸಿಗಲಿಲ್ಲ ಅನ್ನೋ ಸಂದೇಶ). ತೆರೆಯದವರ ಮೇಲ್‌ನಲ್ಲಿ ಲಿಂಕಿನ ಕೊನೆ "?ಐಡಿ=3ಡಿ452" ಅಂತ ಕಾಣ್ತಿದೆ. ಇರಬೇಕಾದ್ದು "?ಐಡಿ=452". ರಿಮೈಂಡರ್ ಲಿಂಕ್ ಅಂತೂ ಯಾರಿಗೂ ತೆರೆಯಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ತೆರೆಯುತ್ತೆ! ಎರಡೂ ಒಂದೇ ಕಾಯಿಲೆನಾ ಸರ್?

ಉತ್ತರ: ಮೇಲ್ ಸರ್ವರ್ ಕೆಲಸದವರು, ಹಾಸನ

ಕಾಯಿಲೆ ಎರಡು, ಪರೀಕ್ಷೆ ಒಂದೇ. ಪರದೆ ಮೇಲೆ ಕಾಣುವ ಲಿಂಕ್ ನೋಡಿ ಊಹಿಸಬೇಡಿ, ಮೇಲ್‌ನ ಮೂಲರೂಪ ತೆಗೆಯಿರಿ. ಜಿಮೇಲನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಆ ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿ. ಅತಿಥಿಯಿಂದ ಫಾರ್ವರ್ಡ್ ಮಾಡಿಸಿಕೊಂಡ ಮೇಲ್ ಉಪಯೋಗಕ್ಕೆ ಬರುವುದಿಲ್ಲ. ಫಾರ್ವರ್ಡ್ ಮಾಡುವಾಗ ಅವರ ಆ್ಯಪ್ ಇಡೀ ಮೇಲನ್ನು ಹೊಸದಾಗಿ ಕಟ್ಟುತ್ತದೆ, ಗುರುತೆಲ್ಲ ಅಳಿಸಿಹೋಗುತ್ತದೆ. ನಿಮ್ಮದೇ ವಿಳಾಸ ಹಾಕಿ ಒಂದು ಬುಕಿಂಗ್ ಮಾಡಿ, ಅದರ ಮೂಲರೂಪ ನೋಡಿ.

ಈಗ 3ಡಿ ವಿಷಯ. ಮೇಲ್ ಹೋಗುವಾಗ ಉದ್ದ ಸಾಲುಗಳನ್ನು, ಕನ್ನಡದಂಥ ಅಕ್ಷರಗಳನ್ನು ಸುರಕ್ಷಿತವಾಗಿ ಸಾಗಿಸಲು 'ಕೋಟೆಡ್ ಪ್ರಿಂಟಬಲ್' ಎಂಬ ಎನ್‌ಕೋಡಿಂಗ್ (ಅಕ್ಷರಗಳನ್ನು ಬೇರೆ ಗುರುತುಗಳಲ್ಲಿ ಬರೆಯುವ ಕ್ರಮ) ಇದೆ. ಅದರಲ್ಲಿ ಸಮ ಚಿಹ್ನೆಗೆ ವಿಶೇಷ ಅರ್ಥ ಇರುವುದರಿಂದ ನಿಜವಾದ ಸಮ ಚಿಹ್ನೆಯನ್ನು "=3ಡಿ" ಎಂದು ಬರೆಯುತ್ತಾರೆ. ಹಾಗಾಗಿ ಮೂಲರೂಪದಲ್ಲಿ "=3ಡಿ" ಕಂಡರೆ ಗಾಬರಿ ಬೇಡ, ಅದು ಸರಿಯೇ. ಓದುವವರ ಪರದೆಯಲ್ಲಿ ಕಂಡರೆ ಮಾತ್ರ ತಪ್ಪು. ಹಾಗೆ ಕಾಣಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಒಳಗಿನ ಪಠ್ಯ ಎನ್‌ಕೋಡ್ ಆಗಿದೆ, ಆದರೆ 'ಕಂಟೆಂಟ್ ಟ್ರಾನ್ಸ್‌ಫರ್ ಎನ್‌ಕೋಡಿಂಗ್' ಹೆಡರ್ (ಪಠ್ಯದ ಮೇಲೆ ಅದರ ವಿವರ ಹೇಳುವ ಸಾಲು) ಇಲ್ಲ, ಅಥವಾ ಅಲ್ಲಿ 7ಬಿಟ್, 8ಬಿಟ್ ಅಂತಿದೆ, ಅಂದರೆ 'ಎನ್‌ಕೋಡ್ ಆಗಿಲ್ಲ' ಅಂತ. ಇನ್ನೊಂದು, ಎರಡು ಸಲ ಎನ್‌ಕೋಡ್ ಆಗಿದೆ. ಆಗ ಮೂಲರೂಪದಲ್ಲಿ "=3ಡಿ3ಡಿ" ಅಂತ ಸಿಗುತ್ತದೆ.

ಕೆಲವರಿಗೆ ಮಾತ್ರ ಯಾಕೆ? ನಿಮ್ಮ ಮೇಲ್‌ನೊಳಗೆ ಎರಡು ಪ್ರತಿ ಇರುತ್ತವೆ: ಪ್ಲೇನ್ ಟೆಕ್ಸ್ಟ್ ಒಂದು, ಎಚ್‌ಟಿಎಂಎಲ್ ಒಂದು. ಎರಡಕ್ಕೂ ಬೇರೆ ಬೇರೆ ಹೆಡರ್. ಪ್ಲೇನ್ ಟೆಕ್ಸ್ಟ್ ಭಾಗದ ಹೆಡರ್ ಕೆಟ್ಟಿದ್ದರೆ ಅದನ್ನು ತೋರಿಸುವ ಆ್ಯಪ್‌ಗಳಲ್ಲಿ ಮಾತ್ರ ಲಿಂಕ್ ಕೆಡುತ್ತದೆ. ಜಿಮೇಲ್‌ನಲ್ಲಿ ಪರೀಕ್ಷಿಸಿದ ನಿಮಗೆ ಎಚ್‌ಟಿಎಂಎಲ್ ಪ್ರತಿ ಕಾಣುತ್ತದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಮೂಲರೂಪದಲ್ಲಿ ಎರಡೂ ಭಾಗದ ಹೆಡರ್ ನೋಡಿ. ಹೆಡರುಗಳನ್ನು ಯಾರೋ ಕೈಯಲ್ಲಿ ಬರೆದು ಕೂಡಿಸಿದ್ದರೆ ಆ ಕೋಡ್ ತೆಗೆದುಹಾಕಿ, ಲೈಬ್ರರಿಗೇ ಬಿಟ್ಟುಬಿಡಿ.

ಇದರ ತಿರುಗುಮುರುಗು ಇನ್ನೂ ಮೋಸದ್ದು. ಹೆಡರ್ ಮಾತ್ರ ಕೋಟೆಡ್ ಪ್ರಿಂಟಬಲ್ ಅನ್ನುತ್ತದೆ, ಪಠ್ಯ ಹಾಗೇ ಇದೆ ಅಂದುಕೊಳ್ಳಿ. ಆಗ "?ಐಡಿ=452" ಓದುವಾಗ "=45" ಎಂಬುದು ಇಂಗ್ಲಿಷಿನ ದೊಡ್ಡ 'ಇ' ಅಕ್ಷರವಾಗಿಬಿಡುತ್ತದೆ, ಲಿಂಕ್ "?ಐಡಿಇ2" ಆಗುತ್ತದೆ. 7ನೇ ನಂಬರಿನ ಬುಕಿಂಗ್ ಹಾಕಿ ಪರೀಕ್ಷಿಸಿದರೆ ಏನೂ ಆಗುವುದಿಲ್ಲ, ಯಾಕೆಂದರೆ ಸಮ ಚಿಹ್ನೆಯ ನಂತರ ಎರಡು ಅಂಕಿ ಇದ್ದರೇ ಅದು ಬದಲಾಗುವುದು. ಪರೀಕ್ಷೆಗೆ ಯಾವಾಗಲೂ ಮೂರ್ನಾಲ್ಕು ಅಂಕಿಯ ನಂಬರ್ ಬಳಸಿ.

ರಿಮೈಂಡರಿನ ಲಿಂಕ್ ಯಾವ ವಿಳಾಸದಿಂದ ಶುರುವಾಗುತ್ತೆ ಅಂತ ನೋಡಿ ಹೇಳಿ.

ಪ್ರಶ್ನೆ ಕೇಳಿದವರು

ನೋಡಿದೆ ಸರ್. ಪ್ಲೇನ್ ಟೆಕ್ಸ್ಟ್ ಭಾಗದಲ್ಲಿ 7ಬಿಟ್ ಅಂತಿದೆ, ನೀವು ಹೇಳಿದ್ದೇ. ರಿಮೈಂಡರ್ ಲಿಂಕ್ 'ಲೋಕಲ್‌ಹೋಸ್ಟ್' ಅಂತ ಶುರುವಾಗುತ್ತೆ.

ಉತ್ತರ

ಹಾಗಾದರೆ ಸಿಕ್ಕಿತು. ಲೋಕಲ್‌ಹೋಸ್ಟ್ ಅಂದರೆ 'ಈಗ ಕೂತಿರುವ ಇದೇ ಯಂತ್ರ'. ನಿಮ್ಮ ಲ್ಯಾಪ್‌ಟಾಪಲ್ಲಿ ಸೈಟಿನ ಒಂದು ಪ್ರತಿ ಓಡುತ್ತಿರಬೇಕು, ಅದಕ್ಕೇ ನಿಮಗೆ ತೆರೆಯುತ್ತದೆ. ಅತಿಥಿಯ ಫೋನಿನಲ್ಲಿ ಅದು ಎಲ್ಲಿಂದ ಬರಬೇಕು?

ಬುಕಿಂಗ್ ಮೇಲ್ ಹುಟ್ಟುವುದು ಯಾರೋ ಬ್ರೌಸರಿನಿಂದ ಸೈಟಿಗೆ ಬಂದಾಗ. ಆಗ ಡೊಮೇನ್ ಹೆಸರು ಆ ಕೋರಿಕೆಯಲ್ಲೇ ಇರುತ್ತದೆ. ಬೆಳಗ್ಗೆ 6ರ ರಿಮೈಂಡರನ್ನು ಓಡಿಸುವುದು ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಶುರು ಮಾಡುವ ಸರ್ವರಿನ ವ್ಯವಸ್ಥೆ. ಅಲ್ಲಿ ಬ್ರೌಸರೂ ಇಲ್ಲ, ಡೊಮೇನೂ ಗೊತ್ತಿಲ್ಲ. ಆಗ ಪ್ರೋಗ್ರಾಮ್ ಕಾನ್ಫಿಗ್‌ನಲ್ಲಿ ಇರುವ ವಿಳಾಸ ತೆಗೆದುಕೊಳ್ಳುತ್ತದೆ, ಲಾರಾವೆಲ್‌ನಲ್ಲಿ ಅದು ಬದಲಿಸದಿದ್ದರೆ ಲೋಕಲ್‌ಹೋಸ್ಟೇ. ಸೆಟ್ಟಿಂಗ್ ಬರೆದಿಡುವ ಎನ್ವ್ ಫೈಲಿನಲ್ಲಿ 'ಆ್ಯಪ್ ಯುಆರ್‌ಎಲ್' ಸಾಲಿಗೆ ಎಚ್‌ಟಿಟಿಪಿಎಸ್ ಸಮೇತ ನಿಮ್ಮ ಪೂರ್ತಿ ವಿಳಾಸ ಹಾಕಿ. ಕಾನ್ಫಿಗ್ ಕ್ಯಾಶ್ (ಸೆಟ್ಟಿಂಗುಗಳ ಉಳಿಸಿಟ್ಟ ಪ್ರತಿ) ಮತ್ತೆ ಕಟ್ಟಿ. ಆಮೇಲೆ ಕ್ಯೂ ವರ್ಕರುಗಳನ್ನು (ಸಾಲಿನಲ್ಲಿರುವ ಮೇಲ್‌ಗಳನ್ನು ಹಿನ್ನೆಲೆಯಲ್ಲಿ ಕಳಿಸುವ ಪ್ರೋಗ್ರಾಮುಗಳು) ರೀಸ್ಟಾರ್ಟ್ ಮಾಡಿ. ಎಲ್ಲರೂ ಮರೆಯುವುದು ಇದನ್ನೇ. ವರ್ಕರ್ ಶುರುವಾದಾಗ ಓದಿಕೊಂಡ ಹಳೇ ವಿಳಾಸವನ್ನೇ ಇಟ್ಟುಕೊಂಡು ಮೇಲ್ ಕಳಿಸುತ್ತಾ ಇರುತ್ತದೆ, ನೀವು ಮಾತ್ರ ಫೈಲ್ ಸರಿ ಇದೆಯಲ್ಲಾ ಅಂತ ತಲೆ ಕೆರೆದುಕೊಳ್ಳುತ್ತೀರಿ.

ವರ್ಡ್‌ಪ್ರೆಸ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಜನರಲ್ ಪುಟದ ಎರಡೂ ವಿಳಾಸ ನೋಡಿದರೆ ಸಾಕು.

ನಡುವೆ ಒಬ್ಬರು, ಮೂಡಿಗೆರೆ

ಅಣ್ಣಾ, ನಮ್ಮದೂ ಲಾರಾವೆಲ್ಲೇ. ಲಿಂಕ್ ಪೂರ್ತಿ ಬರುತ್ತೆ, ಪುಟವೂ ತೆರೆಯುತ್ತೆ, ಆದ್ರೆ "ಟೋಕನ್ ಇಲ್ಲ" ಅನ್ನುತ್ತೆ. ಲಿಂಕಲ್ಲಿ ಐಡಿ, ಟೋಕನ್ (ಗುರುತಿಗೆ ಕೊಡೋ ಗುಟ್ಟಿನ ಕೋಡ್) ಎರಡೂ ಇವೆ.

ಉತ್ತರ

ಎರಡರ ನಡುವೆ ಇರುವ & ಚಿಹ್ನೆ ನೋಡಿ. ಅದಾದ ತಕ್ಷಣ ಎ, ಎಂ, ಪಿ ಮೂರಕ್ಷರ ಮತ್ತು ಒಂದು ಸೆಮಿಕೋಲನ್ ಇದ್ದರೆ ಅದೇ ಕಾರಣ. ಎಚ್‌ಟಿಎಂಎಲ್‌ನಲ್ಲಿ & ಬರೆಯುವ ಸರಿಯಾದ ಕ್ರಮ ಅದು, ಬ್ರೌಸರ್ ಬಿಡಿಸಿಕೊಳ್ಳುತ್ತದೆ. ಪ್ಲೇನ್ ಟೆಕ್ಸ್ಟ್‌ನಲ್ಲಿ ಬಿಡಿಸುವವರು ಯಾರೂ ಇಲ್ಲ. ಸರ್ವರಿಗೆ 'ಟೋಕನ್' ಎಂಬ ಹೆಸರೇ ಸಿಗುವುದಿಲ್ಲ, 'ಎಎಂಪಿ;ಟೋಕನ್' ಸಿಗುತ್ತದೆ. ಲಾರಾವೆಲ್‌ನ ಬ್ಲೇಡ್ ಟೆಂಪ್ಲೇಟಿನಲ್ಲಿ (ಮೇಲ್‌ನ ಅಚ್ಚು) ಜೋಡಿ ಹೂಬ್ರಾಕೆಟ್ ಹಾಕಿದರೆ ಹೀಗಾಗುತ್ತದೆ. ಪ್ಲೇನ್ ಟೆಕ್ಸ್ಟ್ ಟೆಂಪ್ಲೇಟಿನಲ್ಲಿ, ಅದೂ ಲಿಂಕ್ ಇರುವ ಸಾಲಿಗೆ ಮಾತ್ರ, ಆಶ್ಚರ್ಯಸೂಚಕ ಚಿಹ್ನೆ ಇರುವ ಬ್ರಾಕೆಟ್ ಬಳಸಿ. ಎಚ್‌ಟಿಎಂಎಲ್ ಟೆಂಪ್ಲೇಟಿನಲ್ಲಿ ಹಾಗೆ ಮಾಡಬೇಡಿ, ಅದು ಬೇರೆ ಅಪಾಯಕ್ಕೆ ಬಾಗಿಲು.

ಪ್ರಶ್ನೆ: ಬೆಳೆಗಾರರ ಸಂಘದ ಸೈಟ್ ನೋಡಿಕೊಳ್ಳುವವರು, ಸಕಲೇಶಪುರ

ಮೇಡಂ/ಸರ್, ನಮ್ಮ ಸೈಟಲ್ಲಿ ಸೂಚನೆಗಳ ಶೀರ್ಷಿಕೆ ಕನ್ನಡದಲ್ಲೇ, ವಿಳಾಸವೂ ಕನ್ನಡದಲ್ಲೇ. ಹೊಸ ಸೂಚನೆ ಹಾಕಿದಾಗ ಸದಸ್ಯರಿಗೆ ಮೇಲ್ ಹೋಗುತ್ತೆ. ಸೈಟಿನಿಂದ ಒತ್ತಿದ್ರೆ ತೆರೆಯುತ್ತೆ, ಮೇಲ್‌ನಿಂದ ಕೆಲವು ತೆರೆಯಲ್ಲ. ಪಿಡಿಎಫ್ ಲಿಂಕುಗಳಂತೂ ಒಂದೊಂದು ಸಲ ಒಂದೊಂದು ಥರ. ಕನ್ನಡ ವಿಳಾಸವೇ ಇಡಬಾರದಾ?

ಉತ್ತರ

ಇಡಬಹುದು, ಮೇಲ್‌ನಲ್ಲಿ ಹೋಗುವ ಲಿಂಕಿಗೆ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ವಿಳಾಸದಲ್ಲಿ ಹೋಗುವಾಗ ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಅಂದರೆ ಒಂದು ಸಂಕೇತಕ್ಕೆ 9. 'ಕ' ಎಂಬುದು "%ಇ0%ಬಿ2%95" ಆಗುತ್ತದೆ. ಗುಣಿತದ ಚಿಹ್ನೆ, ಒತ್ತಕ್ಷರ ತರುವ ಹಲಂತ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತ. ಹಾಸನ ಅಂದರೆ ಹ, ದೀರ್ಘ, ಸ, ನ: 4 ಸಂಕೇತ, 36 ಅಕ್ಷರ. ಚಿಕ್ಕಮಗಳೂರು 11 ಸಂಕೇತ, 99 ಅಕ್ಷರ. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ ಅದು ಸ್ಲಗ್ (ಶೀರ್ಷಿಕೆಯಿಂದ ಮಾಡಿದ ವಿಳಾಸದ ಭಾಗ) ಇಡುವ ಕಾಲಮ್ಮಿಗೆ ಮಿತಿ 200 ಅಕ್ಷರ, ಅಂದರೆ ಸುಮಾರು 22 ಸಂಕೇತ. ಎರಡು ಮೂರು ಪದದಲ್ಲೇ ಮುಗಿಯಿತು. ನಿಮ್ಮ ಮೇಲ್ ಕಳಿಸುವ ಪ್ಲಗಿನ್ ಪೂರ್ತಿ ಶೀರ್ಷಿಕೆಯಿಂದ ತಾನೇ ವಿಳಾಸ ಕಟ್ಟುತ್ತಿದ್ದರೆ ಅದು ಸೈಟಿನ ಕತ್ತರಿಸಿದ ವಿಳಾಸಕ್ಕೆ ಹೊಂದುವುದಿಲ್ಲ.

ಮೇಲ್ ಕಳಿಸುವ ದಾರಿಯಲ್ಲಿ ಯಾರೋ ಇನ್ನೊಮ್ಮೆ ಎನ್‌ಕೋಡ್ ಮಾಡಿದ್ದರೂ ಕೆಡುತ್ತದೆ. ಶೇಕಡಾ ಚಿಹ್ನೆಯೇ "%25" ಆಗುತ್ತದೆ. ಲಿಂಕಿನಲ್ಲಿ "%25ಇ0" ಕಂಡರೆ ಎರಡು ಸಲ ಆಗಿದೆ ಅಂತಲೇ ಅರ್ಥ.

ಕಣ್ಣಿಗೆ ಕಾಣದ್ದು ಮೂರನೆಯದು. ಅರ್ಧಾಕ್ಷರ ಬಿಡಿಯಾಗಿ ನಿಲ್ಲಲಿ ಅಂತ ಟೈಪ್ ಮಾಡುವಾಗ ಒಂದು ಅಗೋಚರ ಸಂಕೇತ ಹಾಕುತ್ತೇವೆ, 'ಸಾಫ್ಟ್‌ವೇರ್' ಬರೆಯುವಾಗ ಹಾಕುವಂಥದ್ದು. ಒಬ್ಬರು ಹಾಕಿ ಬರೆದ ಪದ, ಇನ್ನೊಬ್ಬರು ಹಾಕದೆ ಬರೆದ ಪದ, ಸರ್ವರಿಗೆ ಎರಡು ಬೇರೆ ವಿಳಾಸ.

ಪಿಡಿಎಫ್ ಗೊಂದಲಕ್ಕೆ ಕಾರಣ ಇದೇ ಜಾತಿಯದು. 'ಸಕಲೇಶಪುರ'ದ ಲೇ ನೋಡಿ. ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ದೀರ್ಘದ ಚಿಹ್ನೆ ಎರಡು ಸಂಕೇತ ಮಾಡಬಹುದು. ಮೊದಲ ರೀತಿಯಲ್ಲಿ ಪದಕ್ಕೆ 8 ಸಂಕೇತ, ಎರಡನೆಯದರಲ್ಲಿ 9. ಪರದೆಯಲ್ಲಿ ಒಂದೇ ಥರ. ಕೀ, ಕೇ, ಕೊ, ಕೋ ಇರುವ ಪದಗಳಲ್ಲೆಲ್ಲ ಹೀಗಾಗಬಹುದು. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಅಪ್‌ಲೋಡ್ ಆದ ಫೈಲಿಗೆ ಒಂದು ಹೆಸರು, ವಿಂಡೋಸ್‌ನಲ್ಲಿ ಟೈಪ್ ಮಾಡಿದ ಲಿಂಕಿಗೆ ಇನ್ನೊಂದು. ಲಿನಕ್ಸ್ ಸರ್ವರ್ ಬೈಟ್ ಬೈಟ್ ಹೋಲಿಸುತ್ತದೆ, 404 ಕೊಡುತ್ತದೆ.

ಫೈಲ್ ಅಪ್‌ಲೋಡ್ ಆಗುವಾಗಲೇ ಹೆಸರನ್ನು 'ಎನ್‌ಎಫ್‌ಸಿ' ರೂಪಕ್ಕೆ, ಅಂದರೆ ಬಿಡಿಸದೆ ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ, ತನ್ನಿ. ಅದು ಕಷ್ಟ ಅನ್ನಿಸಿದರೆ ಫೈಲಿಗೆ ಇಂಗ್ಲಿಷ್ ಹೆಸರು ಕೊಡಿ, ಮೇಲ್‌ನ ಲಿಂಕಿಗೆ ಸೂಚನೆಯ ನಂಬರ್ ಇರುವ ಚಿಕ್ಕ ವಿಳಾಸ ಬಳಸಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಅದಕ್ಕೇನೂ ಅಡ್ಡಿಯಿಲ್ಲ.

ಇನ್ನೊಂದು, ಇದು ನಮ್ಮ ಭಾಷೆಗೇ ಬಂದ ತಾಪತ್ರಯ. ಮೇಲ್‌ನ ವಾಕ್ಯ ಹೇಗಿದೆ ನೋಡಿ. ಲಿಂಕ್ ಬರೆದು ಅದಕ್ಕೇ ಅಂಟಿಸಿ 'ಗೆ ಭೇಟಿ ಕೊಡಿ', 'ನಲ್ಲಿ ನೋಡಿ' ಅಂತ ವಿಭಕ್ತಿ ಹಾಕಿದ್ದೀರಾ? ವಿಳಾಸದಲ್ಲಿ ಕನ್ನಡ ಅಕ್ಷರ ಇರಬಹುದು ಅಂತ ಗೊತ್ತಿರುವ ಆ್ಯಪ್ ಆ 'ಗೆ'ಯನ್ನೂ ಲಿಂಕಿನೊಳಗೆ ಸೇರಿಸಿಕೊಳ್ಳುತ್ತದೆ. ಪ್ಲೇನ್ ಟೆಕ್ಸ್ಟ್‌ನಲ್ಲಿ ಲಿಂಕಿಗೆ ಒಂದು ಸಾಲು ಪೂರ್ತಿ ಬಿಟ್ಟುಕೊಡಿ. ಹಿಂದೆ ಮುಂದೆ ಏನೂ ಬೇಡ, ಕೊನೆಗೆ ಚುಕ್ಕಿಯೂ ಬೇಡ.

ಪ್ರಶ್ನೆ ಕೇಳಿದವರು

ಅಯ್ಯೋ, 'ಗೆ ಭೇಟಿ ನೀಡಿ' ಅಂತಲೇ ಇದೆ ಸರ್!

ಪ್ರಶ್ನೆ: ಕಾಲೇಜಿನ ಕಂಪ್ಯೂಟರ್ ವಿಭಾಗ, ಹಾಸನ

ಪಾಸ್‌ವರ್ಡ್ ಬದಲಿಸುವ ಲಿಂಕ್ ಒಂದೇ ಸಲ ಬಳಸುವಂಥದ್ದು, 60 ನಿಮಿಷ ಅವಧಿ. ಕಚೇರಿಯ ಮೇಲ್ ಇರುವವರು ಮೊದಲ ಸಲ ಒತ್ತಿದರೂ "ಈಗಾಗಲೇ ಬಳಸಲಾಗಿದೆ" ಎಂದು ಬರುತ್ತದೆ. ಜಿಮೇಲ್ ಇರುವ ವಿದ್ಯಾರ್ಥಿಗಳಿಗೆ ತೊಂದರೆ ಇಲ್ಲ.

ಉತ್ತರ

ಕಚೇರಿ ಮೇಲ್‌ಗಳ ಮುಂದೆ ಭದ್ರತಾ ಸ್ಕ್ಯಾನರ್ ಇರುತ್ತದೆ. ಲಿಂಕ್ ಸುರಕ್ಷಿತವೋ ಎಂದು ತಿಳಿಯಲು ಅದೇ ಮೊದಲು ತೆರೆದು ನೋಡುತ್ತದೆ. ಅಲ್ಲಿಗೆ ನಿಮ್ಮ ಟೋಕನ್ ಖರ್ಚಾಯಿತು. ಸರ್ವರಿನ ಆಕ್ಸೆಸ್ ಲಾಗ್ (ಯಾರು ಯಾವಾಗ ಬಂದರು ಎಂಬ ದಾಖಲೆ) ತೆಗೆದು ಒಂದು ಟೋಕನ್ ಹುಡುಕಿ. ಮೇಲ್ ಹೋದ ಕೆಲವೇ ಸೆಕೆಂಡಿನಲ್ಲಿ ಯಾವುದೋ ಡೇಟಾ ಸೆಂಟರ್ ಐಪಿಯಿಂದ ಒಂದು ಭೇಟಿ, ಸ್ವಲ್ಪ ಹೊತ್ತಿನ ಮೇಲೆ ಹಾಸನದಿಂದ ಇನ್ನೊಂದು ಇದ್ದರೆ ಅನುಮಾನವೇ ಬೇಡ. ಲಿಂಕ್ ತೆರೆದಾಗ ಬರೀ ಪುಟ ಮತ್ತು ಒಂದು ಬಟನ್ ತೋರಿಸಿ. ಬಟನ್ ಒತ್ತಿ 'ಪೋಸ್ಟ್' ಕೋರಿಕೆ ಬಂದಾಗ ಮಾತ್ರ ಟೋಕನ್ ರದ್ದು ಮಾಡಿ. ಮೇಲ್ ನಿಲ್ಲಿಸುವ ಲಿಂಕಿಗೂ ಇದೇ ನಿಯಮ, ಇಲ್ಲದಿದ್ದರೆ ಸ್ಕ್ಯಾನರೇ ನಿಮ್ಮ ಸದಸ್ಯರನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುತ್ತದೆ.

ಸಂದೇಶ "ಅವಧಿ ಮುಗಿದಿದೆ" ಎಂದು ಬದಲಾದರೆ ಗಡಿಯಾರ ನೋಡಿ. ಬೆಳಗ್ಗೆ 10ಕ್ಕೆ ಕೊಟ್ಟ ಟೋಕನ್ನಿನ ಅವಧಿ ಮುಗಿಯುವುದು 11ಕ್ಕೆ. ಅದನ್ನು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) 5.30 ಎಂದು ಬರೆದು, ಹೋಲಿಸುವಾಗ ನಮ್ಮ ಸಮಯ 10ನ್ನು ತೆಗೆದುಕೊಂಡರೆ ಅದು ಹುಟ್ಟುವಾಗಲೇ ನಾಲ್ಕೂವರೆ ಗಂಟೆ ಹಳೆಯದು.

ಇನ್ನೊಬ್ಬರು, ಬೇಲೂರು

ನಮಗೆ ಲಿಂಕಿನ ನಡುವೆ ಒಂದು ಸ್ಪೇಸ್ ಬಂದು ಸೇರಿಕೊಳ್ಳುತ್ತೆ, ಒಂದೊಂದು ಮೇಲ್‌ನಲ್ಲಿ ಒಂದೊಂದು ಕಡೆ.

ಉತ್ತರ

ಎಚ್‌ಟಿಎಂಎಲ್ ಪೂರ್ತಿ ಒಂದೇ ಸಾಲಿನಲ್ಲಿದೆಯಾ? ಮೇಲ್‌ನಲ್ಲಿ ಒಂದು ಸಾಲು 998 ಅಕ್ಷರ ಮೀರುವಂತಿಲ್ಲ. ಮೀರಿದರೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ ಸರ್ವರ್ ಸಾಫ್ಟ್‌ವೇರ್) ಸಾಲು ಮುರಿದು ಒಂದು ಸ್ಪೇಸ್ ಹಾಕುತ್ತದೆ. ಮೇಲ್‌ನಲ್ಲಿ ಬರೆದ ಹೆಸರು ಉದ್ದ ಗಿಡ್ಡ ಆದಂತೆ ಮುರಿಯುವ ಜಾಗವೂ ಬದಲಾಗುತ್ತದೆ. ಬೇಸ್64 ಎನ್‌ಕೋಡಿಂಗ್ ಹಾಕಿ, 76 ಅಕ್ಷರಕ್ಕೊಂದು ಸಾಲಾಗಿ ಹೋಗುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನ ಮೊದಲಿನವರು

ಸರ್, ಎರಡೂ ಸರಿಯಾಯ್ತು, ವರ್ಕರ್ ರೀಸ್ಟಾರ್ಟ್ ಮಾಡೋದೇ ಬಾಕಿ ಇತ್ತು. ಕೊನೇದಾಗಿ, ಮುಂದಿನ ತಿಂಗಳು ಡೊಮೇನ್ ಹೆಸರೂ ಬದಲಾಗುತ್ತೆ. ಹಳೇ ಮೇಲ್‌ಗಳ ಲಿಂಕ್ ಏನಾಗುತ್ತೆ?

ಉತ್ತರ

ಹಳೆಯ ಡೊಮೇನನ್ನು ಬಿಡಬೇಡಿ, ನವೀಕರಿಸುತ್ತಾ ಇರಿ. ಅದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ವಿಳಾಸ ಕಾಯಂ ಬದಲಾಗಿದೆ ಎಂದು ಹೇಳಿ ಹೊಸದಕ್ಕೆ ಕಳಿಸುವ ಸೂಚನೆ) ಹಾಕಿ. ಮುಖಪುಟಕ್ಕೆ ಮಾತ್ರ ಕಳಿಸಿದರೆ ಬುಕಿಂಗ್ ನಂಬರ್ ದಾರಿಯಲ್ಲೇ ಉದುರುತ್ತದೆ. ಎನ್‌ಜಿನ್‌ಎಕ್ಸ್ ವೆಬ್ ಸರ್ವರಿನಲ್ಲಿ 'ರಿಕ್ವೆಸ್ಟ್ ಯುಆರ್‌ಐ' ವೇರಿಯಬಲ್ ಸೇರಿಸಿದರೆ ಪ್ರಶ್ನೆಚಿಹ್ನೆಯ ನಂತರದ್ದೂ ಸೇರಿ ಪೂರ್ತಿ ವಿಳಾಸ ದಾಟುತ್ತದೆ. ಹಳೆಯ ಹೆಸರಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಕೂಡ ಜೀವಂತ ಇರಬೇಕು. ಅದು ಮುಗಿದಿದ್ದರೆ ಬ್ರೌಸರ್ ಎಚ್ಚರಿಕೆ ಕೊಟ್ಟು ಅಲ್ಲೇ ನಿಲ್ಲುತ್ತದೆ, ರೀಡೈರೆಕ್ಟ್‌ವರೆಗೆ ಹೋಗುವುದೇ ಇಲ್ಲ. ಬದಲಾವಣೆಯ ದಿನ ಆ್ಯಪ್ ಯುಆರ್‌ಎಲ್ ತಿದ್ದಿ, ಕ್ಯಾಶ್ ಕಟ್ಟಿ, ವರ್ಕರ್ ರೀಸ್ಟಾರ್ಟ್ ಮಾಡಿ. ಒಂದು ಹಳೇ ಮೇಲ್ ಇಟ್ಟುಕೊಂಡಿರಿ, ಅದರ ಲಿಂಕನ್ನು ಲ್ಯಾಪ್‌ಟಾಪಲ್ಲಿ ಅಲ್ಲ, ವೈಫೈ ಆಫ್ ಮಾಡಿದ ಫೋನಿನಲ್ಲಿ ಒತ್ತಿ ನೋಡಿ.