ಓಲ್ಡ್ಸ್‌ಮೊಬೈಲ್ ಮುಳುಗಿದ್ದು ಬರೀ ಡೀಸೆಲ್ ಎಂಜಿನ್‌ನಿಂದಾನಾ?

ಹಳೇಗಾಡಿ_ಪ್ರೇಮಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಹಳೇ ಬ್ರ್ಯಾಂಡ್‌ಗಳ ಬಗ್ಗೆ ಓದುತ್ತಿದ್ದೇನೆ, ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. ಓಲ್ಡ್ಸ್‌ಮೊಬೈಲ್ ಶುರುವಾಗಿದ್ದು 1897ರಲ್ಲಿ, ಅಂದರೆ ಫೋರ್ಡ್ ಕಂಪನಿಗಿಂತ ಹಳೇದು. 1985ರಲ್ಲಿ ಒಂದೇ ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಕಾರು ಮಾರಿದೆ. ಅದಾಗಿ ಹದಿನೈದೇ ವರ್ಷಕ್ಕೆ, 2000ದ ಡಿಸೆಂಬರ್‌ನಲ್ಲಿ, ಜಿಎಂ ಇದನ್ನು ಮುಚ್ಚುತ್ತೇವೆ ಅಂತ ಹೇಳಿಬಿಟ್ಟಿತು. ಆಗ ಮಾರಾಟ ವರ್ಷಕ್ಕೆ 3 ಲಕ್ಷವೂ ಇರಲಿಲ್ಲ.

ಎಲ್ಲಿ ಕೇಳಿದರೂ "ಆ ಡೀಸೆಲ್ ಎಂಜಿನ್ ಕೆಡಿಸಿತು" ಅನ್ನುವ ಒಂದೇ ಉತ್ತರ. ಆದರೆ ಡೀಸೆಲ್ ಬಂದಿದ್ದು 1978ರಲ್ಲಿ, ಮಾರಾಟ ತುದಿ ಮುಟ್ಟಿದ್ದು 1985ರಲ್ಲಿ. ಲೆಕ್ಕ ತಾಳೆ ಆಗುತ್ತಿಲ್ಲ ಅಲ್ವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೂರನೇ_ಗೇರ್:

ಒಳ್ಳೆ ಪ್ರಶ್ನೆ ಸರ್. ಡೀಸೆಲ್ ಒಂದೇ ಕಾರಣ ಖಂಡಿತ ಅಲ್ಲ. ಆದರೆ ಅದು ಯಾಕೆ ಅಷ್ಟು ಜೋರಾಗಿ ಹೊಡೆಯಿತು ಅಂತ ಅರ್ಥ ಆಗಬೇಕಾದರೆ, ಅದಕ್ಕೂ ಮುಂಚೆ ಜನ ಈ ಕಾರನ್ನು ಏನು ನಂಬಿ ಕೊಳ್ಳುತ್ತಿದ್ದರು ಅನ್ನೋದನ್ನು ನೋಡಬೇಕು.

1920ರ ದಶಕದಲ್ಲಿ ಜಿಎಂನ ಆಲ್ಫ್ರೆಡ್ ಸ್ಲೋನ್ ಬ್ರ್ಯಾಂಡ್‌ಗಳನ್ನು ಬೆಲೆಯ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಕೆಳಗೆ ಶೆವರ್ಲೆ, ಅದರ ಮೇಲೆ ಪಾಂಟಿಯಾಕ್, ನಡುವೆ ಓಲ್ಡ್ಸ್‌ಮೊಬೈಲ್, ಆಮೇಲೆ ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದ ಹಾಗೆ ಗಿರಾಕಿ ಒಂದೊಂದೇ ಮೆಟ್ಟಿಲು ಹತ್ತಬೇಕು, ಆದರೆ ಜಿಎಂ ಬಿಟ್ಟು ಹೊರಗೆ ಹೋಗಬಾರದು. ಅಷ್ಟೇ ಲೆಕ್ಕ. ಓಲ್ಡ್ಸ್ ಸರಿಯಾಗಿ ಮಧ್ಯದಲ್ಲಿತ್ತು, ಕೈಗೆಟುಕುವ ಬೆಲೆ, ಆದರೂ ಅಕ್ಕಪಕ್ಕದವರು ತಿರುಗಿ ನೋಡುವಂಥ ಕಾರು.

ಇದರ ಜೊತೆಗೆ ಇನ್ನೊಂದು ಕೆಲಸವೂ ಈ ಬ್ರ್ಯಾಂಡ್ ಪಾಲಿಗೆ ಬಂತು. ಹೊಸದೇನಾದರೂ ಮಾಡಿದರೆ ಜಿಎಂ ಎಷ್ಟೋ ಸಲ ಮೊದಲು ಓಲ್ಡ್ಸ್‌ನಲ್ಲೇ ಹಾಕಿ ನೋಡುತ್ತಿತ್ತು. 1940ರ ಮಾಡೆಲ್‌ನಲ್ಲಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಗೇರ್ ತಾನೇ ಬದಲಾಗುತ್ತೆ, ಕ್ಲಚ್ ಪೆಡಲೇ ಇಲ್ಲ. ಬರೀ 57 ಡಾಲರ್ ಜಾಸ್ತಿ ಕೊಟ್ಟರೆ ಸಾಕಿತ್ತು. ಕ್ಯಾಡಿಲಾಕ್‌ಗೆ ಅದು ಸಿಕ್ಕಿದ್ದು ಆಮೇಲೆ! ಅದೇ ಗೇರ್‌ಬಾಕ್ಸ್ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್‌ಗಳಲ್ಲೂ ದುಡಿಯಿತು. 1949ರಲ್ಲಿ ರಾಕೆಟ್ ವಿ8 (ಎಂಟು ಸಿಲಿಂಡರಿನ) ಎಂಜಿನ್. 1962ರಲ್ಲಿ ಜೆಟ್‌ಫೈರ್, ಅದರಲ್ಲಿ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇತ್ತು. ಎಂಜಿನ್ ನಾಕ್ ಆಗದಿರಲಿ (ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯದಿರಲಿ) ಅಂತ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿಗೆ ತುಂಬಿಸುತ್ತಿರಬೇಕಿತ್ತು. ಜನ ತುಂಬಿಸೋದು ಮರೆತರು, ಅದು ನಡೆಯಲಿಲ್ಲ, ಆದರೂ ಆ ಕಾಲಕ್ಕೆ ಎಂಥಾ ಧೈರ್ಯ ನೋಡಿ. 1966ರಲ್ಲಿ ಟೊರೊನಾಡೊ, ಅಷ್ಟು ದೊಡ್ಡ ಕಾರಿಗೆ ಮುಂದಿನ ಚಕ್ರಕ್ಕೆ ಡ್ರೈವ್. ಅಮೆರಿಕದಲ್ಲಿ 1930ರ ದಶಕದ ಕಾರ್ಡ್ ಎಂಬ ಬ್ರ್ಯಾಂಡಿನ ಕಾರಿನ ನಂತರ ಅಂಥದ್ದು ಬಂದೇ ಇರಲಿಲ್ಲ.

ಹೀಗೆ ನಲವತ್ತು ವರ್ಷ "ಓಲ್ಡ್ಸ್‌ನವರು ಹೊಸದು ತಂದರೆ ಧೈರ್ಯವಾಗಿ ತಗೋಬಹುದು" ಅನ್ನುವ ನಂಬಿಕೆ ಬೆಳೆದಿತ್ತು. 1976ರಲ್ಲಿ ಓಲ್ಡ್ಸ್‌ನ ಕಟ್ಲಸ್ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. 1977ರಲ್ಲಿ ಬ್ರ್ಯಾಂಡ್ 10 ಲಕ್ಷ ದಾಟಿತು, ಅಲ್ಲಿಯವರೆಗೆ ಶೆವರ್ಲೆ ಮತ್ತು ಫೋರ್ಡ್ ಬಿಟ್ಟರೆ ಯಾರೂ ಆ ಗಡಿ ಮುಟ್ಟಿರಲಿಲ್ಲ. ಡೀಸೆಲ್ ಕೊಂಡವರು ಆ ನಂಬಿಕೆಯ ಮೇಲೇ ಕೊಂಡರು. ನನ್ನ ಪ್ರಕಾರ ಕೆಟ್ಟಿದ್ದು ಎಂಜಿನ್ ಒಂದೇ ಅಲ್ಲ, ಆ ನಂಬಿಕೆ.

ಸ್ಪ್ಯಾನರ್_12_14:

ಡೀಸೆಲ್ ವಿಷಯ ನಾನು ಹೇಳುತ್ತೇನೆ, ಎಂಜಿನ್ ಬಿಚ್ಚೋದೇ ನನ್ನ ಕೆಲಸ.

"ಪೆಟ್ರೋಲ್ ಎಂಜಿನ್ನಿಗೇ ಡೀಸೆಲ್ ಹಾಕಿಬಿಟ್ಟರು" ಅಂತ ಸುಮಾರು ಜನ ಬರೆಯುತ್ತಾರೆ. ಅದು ತಪ್ಪು. ಆ 5.7 ಲೀಟರ್ ವಿ8ಗೆ ಬ್ಲಾಕ್ ಬೇರೆಯೇ ಎರಕ ಹೊಯ್ದಿದ್ದರು, ಗಟ್ಟಿಮುಟ್ಟಾಗಿತ್ತು. ಎಡವಟ್ಟಾಗಿದ್ದು ಸಿಲಿಂಡರ್‌ಗಳ ಮೇಲಿನ ಮುಚ್ಚಳವನ್ನು (ಹೆಡ್) ಬ್ಲಾಕಿಗೆ ಬಿಗಿಯುವ ಹೆಡ್ ಬೋಲ್ಟ್‌ನಲ್ಲಿ. ಲೈನ್‌ನಲ್ಲಿದ್ದ ಯಂತ್ರಗಳನ್ನೇ ಬಳಸಬೇಕು, ಖರ್ಚು ಉಳಿಸಬೇಕು ಅಂತ ಪೆಟ್ರೋಲ್ ಎಂಜಿನ್ನಿಗೆ ಎಷ್ಟು ಬೋಲ್ಟ್ ಇತ್ತೋ ಅಷ್ಟೇ, ಅದೇ ಜಾಗದಲ್ಲಿ ಇಟ್ಟರು. ಒಂದೊಂದು ಹೆಡ್‌ಗೆ ಹತ್ತು. ಆ ಕಾಲದ ಪೆಟ್ರೋಲ್ ಎಂಜಿನ್‌ನಲ್ಲಿ ಕಂಪ್ರೆಶನ್, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಅಮುಕುವ ಪ್ರಮಾಣ, ಎಂಟಕ್ಕೆ ಒಂದರ ಆಸುಪಾಸು. ಇದರಲ್ಲಿ 22.5ಕ್ಕೆ ಒಂದು. ಹತ್ತು ಬೋಲ್ಟ್ ಹೇಗೆ ತಡೆಯುತ್ತೆ?

ಬೋಲ್ಟ್ ಎಳೆದುಕೊಂಡು ಉದ್ದ ಆಗುತ್ತೆ, ಹೆಡ್ ಕೂದಲೆಳೆಯಷ್ಟು ಮೇಲೇಳುತ್ತೆ, ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹೋಗುತ್ತೆ, ಎಂಜಿನ್ ತಂಪಾಗಿಡುವ ನೀರು (ಕೂಲೆಂಟ್) ಸಿಲಿಂಡರ್ ಒಳಗೆ ಇಳಿಯುತ್ತೆ. ನೀರನ್ನು ಅಮುಕೋಕೆ ಆಗಲ್ಲ. ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ, ಇಲ್ಲ ಇನ್ನೂ ದೊಡ್ಡ ಅನಾಹುತ. ಶೋರೂಮ್ ಮೆಕ್ಯಾನಿಕ್‌ಗಳಿಗೆ ಡೀಸೆಲ್ ಅಭ್ಯಾಸ ಇರಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ, ಒಂದು ಸಲ ಎಳೆದುಕೊಂಡ ಹಳೇ ಬೋಲ್ಟನ್ನೇ ಮತ್ತೆ ಬಿಗಿಯುತ್ತಿದ್ದರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಇನ್ನೊಂದು, ನೀರು ಬೇರ್ಪಡಿಸುವ ಫಿಲ್ಟರೇ ಕೊಟ್ಟಿರಲಿಲ್ಲ. ಡೀಸೆಲ್ ಜೀಪು, ಲಾರಿ ಇಟ್ಟುಕೊಂಡ ನಮ್ಮೂರಿನ ಯಾರನ್ನು ಕೇಳಿದರೂ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡೋದು ಹೇಗೆ ಅಂತ ಹೇಳುತ್ತಾರೆ. ಈ ಕಾರಲ್ಲಿ ಆ ನೀರು ಸೀದಾ ಪಂಪಿಗೆ, ನಾಜಲ್‌ಗೆ ಹೋಗಿ ತುಕ್ಕು ಹಿಡಿಸಿತು. ನೀರು ಹೋಗಲಿ ಅಂತ ಓನರ್‌ಗಳು ಟ್ಯಾಂಕಿಗೆ ಆಲ್ಕೋಹಾಲ್ ಸುರಿದರು, ಪೆಟ್ರೋಲ್ ಕಾರಿನಲ್ಲಿ ಮಾಡುತ್ತಿದ್ದ ಹಾಗೆ. ಅದು ಪಂಪಿನ ಸೀಲುಗಳನ್ನೇ ತಿಂದುಹಾಕಿತು. ಒಂದು ಫಿಲ್ಟರ್ ಕೊಟ್ಟಿದ್ದರೆ ಎಷ್ಟು ಎಂಜಿನ್ ಉಳಿಯುತ್ತಿತ್ತೋ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

1981ರ ಹೊತ್ತಿಗೆ ಬ್ಲಾಕನ್ನು ಇನ್ನೂ ಸುಧಾರಿಸಿ ಎಂಜಿನ್ ಎಷ್ಟೋ ಸರಿ ಮಾಡಿದ್ದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು, ಪೆಟ್ರೋಲ್ ದರವೂ ಇಳಿಯಿತು. 1985ಕ್ಕೆ ಆ ಎಂಜಿನ್ ನಿಂತಿತು.

ಹಳೇಗಾಡಿ_ಪ್ರೇಮಿ:

ಬೋಲ್ಟ್ ವಿಷಯ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಸರ್. ಆದರೂ ನನ್ನ ಅನುಮಾನ ಹಾಗೇ ಇದೆ. ಹೆಸರು ಅಷ್ಟು ಕೆಟ್ಟಿದ್ದರೆ 1985ರಲ್ಲಿ 10 ಲಕ್ಷ ಹೇಗೆ ಮಾರಿದರು?

ಅಕ್ಸೆಲ್_ಅಕ್ಕ:

ಅದಕ್ಕೆ ಉತ್ತರ ಕಟ್ಲಸ್. ಪೆಟ್ರೋಲ್ ಕಟ್ಲಸ್ ಚೆನ್ನಾಗೇ ಓಡುತ್ತಿತ್ತು, ಮಾರಾಟವೂ ಆಗುತ್ತಿತ್ತು. ಡೀಸೆಲ್‌ನಿಂದ ಕೈ ಸುಟ್ಟುಕೊಂಡವರು ಮುಂದಿನ ಕಾರು ಕೊಳ್ಳೋದು ಐದಾರು ವರ್ಷ ಆದಮೇಲೆ ತಾನೆ? ಪೆಟ್ಟು ತಡವಾಗಿ ಕಾಣಿಸಿತು.

ಆದರೆ ನನ್ನ ಕೇಳಿದರೆ ಡೀಸೆಲ್‌ಗಿಂತ ದೊಡ್ಡ ತಪ್ಪು ಬೇರೆ ಇದೆ, ಅದು ಅದಕ್ಕೂ ಒಂದು ವರ್ಷ ಮುಂಚೆಯೇ ಬಯಲಾಗಿತ್ತು. 1977ರಲ್ಲಿ ಷಿಕಾಗೋದ ಒಬ್ಬರು ತಮ್ಮ ಹೊಸ ಡೆಲ್ಟಾ 88 ಕಾರನ್ನು ಸರ್ವೀಸ್‌ಗೆ ಬಿಟ್ಟರೆ ಓಲ್ಡ್ಸ್‌ನ ಆಯಿಲ್ ಫಿಲ್ಟರ್ ಅದಕ್ಕೆ ಕೂರಲೇ ಇಲ್ಲ. ನೋಡಿದರೆ ಒಳಗಿರೋದು ಶೆವರ್ಲೆ ಎಂಜಿನ್! ಓಲ್ಡ್ಸ್ ಎಂಜಿನ್ ಸಾಲದೆ ಬಂದು ಜಿಎಂ ಶೆವರ್ಲೆಯದನ್ನು ಕೂರಿಸಿತ್ತು, ಗಿರಾಕಿಗಳಿಗೆ ಹೇಳಿರಲಿಲ್ಲ. ಇಲಿನಾಯ್ ರಾಜ್ಯ ಕೇಸು ಹಾಕಿತು. ಕೊನೆಗೆ 200 ಡಾಲರ್ ಮತ್ತು ಜಾಸ್ತಿ ವಾರಂಟಿ ಕೊಟ್ಟು ರಾಜಿ ಮಾಡಿಕೊಂಡರು. ಆಮೇಲೆ ಜಾಹೀರಾತುಗಳ ಅಡಿಯಲ್ಲಿ "ಜಿಎಂನ ಬೇರೆ ಬೇರೆ ವಿಭಾಗಗಳ ಎಂಜಿನ್ ಇರುತ್ತದೆ" ಅನ್ನುವ ಅರ್ಥದ ಸಣ್ಣ ಸಾಲು ಬರತೊಡಗಿತು.

ಶೆವರ್ಲೆ ಎಂಜಿನ್ ಕೆಟ್ಟದ್ದೇನಲ್ಲ. ಆದರೆ ರಾಕೆಟ್ ಎಂಜಿನ್ ಅಂತ ಹೇಳಿ ಮೇಲಿನ ಮೆಟ್ಟಿಲಿನ ದುಡ್ಡು ಇಸಕೊಂಡು ಕೆಳಗಿನ ಮೆಟ್ಟಿಲಿನದನ್ನು ಕೊಟ್ಟರೆ, ಆ ಮೆಟ್ಟಿಲು ಯಾಕೆ ಬೇಕು?

1980ರ ದಶಕದಲ್ಲಿ ಇದು ಕಣ್ಣಿಗೇ ಕಾಣುವ ಹಾಗಾಯಿತು. ಶೆವರ್ಲೆ ಸೆಲೆಬ್ರಿಟಿ, ಪಾಂಟಿಯಾಕ್ 6000, ಓಲ್ಡ್ಸ್ ಕಟ್ಲಸ್ ಸಿಯೆರಾ, ಬ್ಯೂಕ್ ಸೆಂಚುರಿ, ನಾಲ್ಕೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದವು. 1983ರಲ್ಲಿ ಫಾರ್ಚ್ಯೂನ್ ಪತ್ರಿಕೆ ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿ ಮುಖಪುಟಕ್ಕೇ ಹಾಕಿತು. ಮರುವರ್ಷ ಜಿಎಂ ಮುಖ್ಯಸ್ಥ ರೋಜರ್ ಸ್ಮಿತ್ ಕಂಪನಿಯನ್ನು ಮತ್ತೆ ಜೋಡಿಸುವಾಗ ಬ್ಯೂಕ್, ಓಲ್ಡ್ಸ್, ಕ್ಯಾಡಿಲಾಕ್ ಮೂರನ್ನೂ ಒಂದು ಗುಂಪಿಗೆ ಸೇರಿಸಿದರು. ಓಲ್ಡ್ಸ್‌ನ ಇಂಜಿನಿಯರ್‌ಗಳು ಅಂತ ಬೇರೆ ಯಾರೂ ಉಳಿಯಲಿಲ್ಲ. ಹೈಡ್ರಾಮ್ಯಾಟಿಕ್, ಟೊರೊನಾಡೊ ಮಾಡಿದ ಮನೆ ಅಲ್ಲಿಗೆ ಮುಗಿಯಿತು. ಹೆಸರುಗಳದ್ದೂ ಗೋಜಲು. ಕಟ್ಲಸ್ ಸುಪ್ರೀಂ, ಕಟ್ಲಸ್ ಸಿಯೆರಾ, ಕಟ್ಲಸ್ ಕ್ಯಾಲೆ ಅಂತ ಒಂದಕ್ಕೊಂದು ಸಂಬಂಧ ಇಲ್ಲದ ಕಾರುಗಳಿಗೆಲ್ಲ ಅದೇ ಹೆಸರು.

ಇದೇ ಹೊತ್ತಿಗೆ ಹೋಂಡಾ 1982ರಿಂದ ಒಹಾಯೋದಲ್ಲೇ ಅಕಾರ್ಡ್ ಮಾಡತೊಡಗಿತು. 1989ರಲ್ಲಿ ಅಮೆರಿಕದ ನಂಬರ್ ಒನ್ ಕಾರು ಅದೇ. ಹದಿಮೂರು ವರ್ಷದ ಹಿಂದೆ ಕಟ್ಲಸ್ ಇದ್ದ ಜಾಗ! ಮಧ್ಯಮ ವರ್ಗದವರು ಮಾಯವಾಗಿರಲಿಲ್ಲ. ಅವರಿಗೆ ಬೇಕಾದ, ಕೈಕೊಡದ ಮಧ್ಯಮ ಬೆಲೆಯ ಕಾರು ಪಕ್ಕದ ಅಂಗಡಿಯಲ್ಲಿ ಸಿಕ್ಕಿತು, ಹೋದರು.

ಲ್ಯಾನ್ಸಿಂಗ್_ನಿವಾಸಿ:

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಾನಿರೋದು ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿ, ಓಲ್ಡ್ಸ್‌ಮೊಬೈಲ್‌ನ ತವರು. ಇಲ್ಲಿ ರ‍್ಯಾನ್ಸಮ್ ಓಲ್ಡ್ಸ್ (ಈ ಕಂಪನಿ ಶುರುಮಾಡಿದವರು) ಹೆಸರಿನ ಮ್ಯೂಸಿಯಂ ಇದೆ. ಈ ಕಡೆ ಬಂದರೆ ತಪ್ಪದೆ ನೋಡಿ. 1901ರ ಕರ್ವ್ಡ್ ಡ್ಯಾಶ್ ಮಾದರಿಯನ್ನು ಹತ್ತಿರದಿಂದ ನೋಡಬೇಕು. ಸ್ಟೀರಿಂಗ್ ಚಕ್ರ ಇಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಕೋಲು. ಮುಂದಿನ ಹಲಗೆ ಸುರುಳಿಯಾಗಿ ಒಳಕ್ಕೆ ಬಾಗಿದೆ. ಒಂದೇ ಸಿಲಿಂಡರ್, ಅದೂ ಸೀಟಿನ ಅಡಿಯಲ್ಲಿ. ಬೆಲೆ 650 ಡಾಲರ್. ಫೋರ್ಡ್‌ಗಿಂತ ಮುಂಚೆಯೇ ಸಾವಿರಗಟ್ಟಲೆ ತಯಾರಾದ ಕಾರು ಇದು. ಇದರ ಗೇರ್‌ಬಾಕ್ಸ್ ಮಾಡಿಕೊಟ್ಟವರು ಡಾಡ್ಜ್ ಸಹೋದರರು. ರ‍್ಯಾನ್ಸಮ್ ಓಲ್ಡ್ಸ್ ಮಾತ್ರ ಪಾಲುದಾರರ ಜೊತೆ ಹೊಂದದೆ 1904ರಲ್ಲೇ ಹೊರಬಿದ್ದರು. ಜಿಎಂ ಇದನ್ನು ಕೊಂಡಿದ್ದು 1908ರಲ್ಲಿ.

1988ರ ಜಾಹೀರಾತಿನ ಬಗ್ಗೆ ಯಾರೂ ಹೇಳಲಿಲ್ಲ. "ಇದು ನಿಮ್ಮ ಅಪ್ಪನ ಓಲ್ಡ್ಸ್‌ಮೊಬೈಲ್ ಅಲ್ಲ" ಅಂತ ಟಿವಿಯಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್‌ನ ಮಗಳನ್ನೆಲ್ಲ ಕರೆತಂದರು. ಜಾಹೀರಾತು ಎಲ್ಲರ ಬಾಯಲ್ಲೂ ಓಡಾಡಿತು, ಕಾರು ಓಡಲಿಲ್ಲ. ನಿಷ್ಠೆಯಿಂದ ಕೊಳ್ಳುತ್ತಿದ್ದವರು ಆ ಅಪ್ಪಂದಿರೇ ಅಲ್ವಾ? ಅವರಿಗೆ ನೋವಾಯಿತು. ಮಕ್ಕಳು ಶೋರೂಮಿಗೆ ಬಂದು ನೋಡಿದರೆ ಕಾರು ಅಪ್ಪನದೇ ಥರ ಇತ್ತು.

ನಿಜವಾಗಿ ಬೇರೆ ಥರದ ಕಾರು ಬಂದಿದ್ದು 1995ರ ಅರೋರಾ. ಚೆಂದದ ಕಾರು, ಒಳ್ಳೆ ವಿ8. ಆದರೆ ಹೊರಗೆ ಎಲ್ಲೂ ಎದ್ದು ಕಾಣುವ ಹಾಗೆ ಓಲ್ಡ್ಸ್‌ಮೊಬೈಲ್ ಅಂತ ಬರೆದಿರಲಿಲ್ಲ. ಹೆಸರು ಕಂಡರೆ ಗಿರಾಕಿ ಓಡುತ್ತಾನೆ ಅಂತ ಕಂಪನಿಗೇ ಭಯ ಬಂದ ಮೇಲೆ ಡೀಲರ್ ತಾನೆ ಏನು ಮಾಡಬೇಕು.

ಕೊನೆಯ ಕಾರು, ಒಂದು ಅಲೆರೊ, 2004ರ ಏಪ್ರಿಲ್ 29ರಂದು ಇಲ್ಲೇ ಲೈನಿನಿಂದ ಇಳಿಯಿತು. ಅದರ ಬಾನೆಟ್ ಎತ್ತಿ ಕಾರ್ಖಾನೆಯವರು ಒಬ್ಬೊಬ್ಬರಾಗಿ ಸಹಿ ಹಾಕಿದ್ದಾರೆ. 107 ವರ್ಷದಲ್ಲಿ ಮೂರೂವರೆ ಕೋಟಿ ಕಾರು. ಊರಲ್ಲಿ ವಯಸ್ಸಾದವರ ಜೊತೆ ಮಾತಿಗೆ ಕೂತರೆ ಅಪ್ಪ, ಚಿಕ್ಕಪ್ಪ, ಇಲ್ಲ ಅಕ್ಕ, ಯಾರಾದರೂ ಒಬ್ಬರು ಅಲ್ಲಿ ದುಡಿದವರೇ. ಕ್ಯಾಡಿಲಾಕ್ ಮಾಡುವ ಹೊಸ ಕಾರ್ಖಾನೆ 2001ರಲ್ಲೇ ತೆರೆದಿತ್ತು, ಹಾಗಾಗಿ ಊರು ಪೂರ್ತಿ ಕುಸಿಯಲಿಲ್ಲ. ಆದರೂ ಓಲ್ಡ್ಸ್ ಅಂದರೆ ನಮ್ಮದು ಅನ್ನುವ ಅಭಿಮಾನ ಕ್ಯಾಡಿಲಾಕ್ ಮೇಲೆ ಇವರಿಗೆ ಹುಟ್ಟಿಲ್ಲ.

ಹಳೇಗಾಡಿ_ಪ್ರೇಮಿ:

ಈಗ ಲೆಕ್ಕ ಕೂಡಿತು. ಡೀಸೆಲ್ ಪೆಟ್ಟು ಕೊಟ್ಟಿತು, ಎದ್ದು ನಿಲ್ಲಲು ಬೇಕಿದ್ದ ಸ್ವಂತಿಕೆಯನ್ನು ಜಿಎಂ ತಾನೇ ಕಿತ್ತುಕೊಂಡಿತು. ಇನ್ನೊಂದೇ ಪ್ರಶ್ನೆ. ಬ್ಯೂಕ್ ಕೂಡ ಅದೇ ಅಚ್ಚಿನ ಕಾರು, ಗಿರಾಕಿಗಳೂ ವಯಸ್ಸಾದವರೇ. ಅದು ಹೇಗೆ ಉಳಿಯಿತು?

ಮೂರನೇ_ಗೇರ್:

ಚೀನಾದಿಂದ ಸರ್. ಕ್ರಾಂತಿಗೂ ಮುಂಚೆ ಶಾಂಘೈನ ದೊಡ್ಡ ಮನುಷ್ಯರ ಕಾರು ಬ್ಯೂಕ್, ಆ ಗೌರವ ಅಲ್ಲಿ ಉಳಿದುಕೊಂಡಿತ್ತು. 1990ರ ದಶಕದ ಕೊನೆಗೆ ಜಿಎಂ ಶಾಂಘೈನಲ್ಲಿ ಬ್ಯೂಕ್ ತಯಾರಿಸಲು ಶುರು ಮಾಡಿತು. 2009ರಲ್ಲಿ ಜಿಎಂ ದಿವಾಳಿ ಎದ್ದು ಪಾಂಟಿಯಾಕ್, ಸ್ಯಾಟರ್ನ್ ಎರಡನ್ನೂ ಮುಚ್ಚುವಾಗ ಬ್ಯೂಕ್ ಅಮೆರಿಕಕ್ಕಿಂತ ಚೀನಾದಲ್ಲೇ ಎಷ್ಟೋ ಪಟ್ಟು ಜಾಸ್ತಿ ಮಾರುತ್ತಿತ್ತು. ಓಲ್ಡ್ಸ್‌ಗೆ ಹೊರದೇಶದಲ್ಲಿ ಅಂಥ ಆಸರೆ ಇರಲಿಲ್ಲ. ಪಾಂಟಿಯಾಕ್ ಕಥೆಗೆ ಬೇರೆ ಥ್ರೆಡ್ ಹಾಕಿ, ಅದರಲ್ಲಿ ಹೇಳೋದು ಬೇಕಾದಷ್ಟಿದೆ.