ಸಹಾಯ ಬೇಕು: ಗ್ಲುಕೋಮೀಟರ್, ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಉಪಕರಣ) ಹಿಡಿ ಯಾವ ಗುಂಪಿಗೆ?

ಐಸಿಯು ಉಪಕರಣಗಳ ಪಟ್ಟಿಗೆ ಎರಡು ಕಾಲಂ ಇಟ್ಟಿದ್ದೇವೆ. ಒಂದು, ವೈದ್ಯಕೀಯ ಸಾಧನಗಳ ನಿಯಮ 2017ರ ಎ, ಬಿ, ಸಿ, ಡಿ ವರ್ಗ (ಅಪಾಯದ ಮಟ್ಟಕ್ಕೆ ತಕ್ಕಂತೆ). ಇನ್ನೊಂದು, ಸ್ಪಾಲ್ಡಿಂಗ್ ವಿಂಗಡಣೆ, ಅಂದರೆ ಉಪಕರಣ ದೇಹದ ಎಲ್ಲಿಗೆ ತಾಗುತ್ತೆ ಅನ್ನುವುದರ ಮೇಲೆ: ಚರ್ಮಕ್ಕಷ್ಟೇ ತಾಗಿದರೆ ನಾನ್-ಕ್ರಿಟಿಕಲ್, ಬಾಯಿ, ಗಂಟಲಿನಂಥ ಒಳಪೊರೆಗೆ ತಾಗಿದರೆ ಸೆಮಿ-ಕ್ರಿಟಿಕಲ್. ಇವೆರಡನ್ನು ಬೆರೆಸಿದರೆ ಕೆಟ್ಟಿತು ಅಂತಲೇ ಲೆಕ್ಕ: ಮೊದಲನೆಯದು ಪರವಾನಗಿಗೆ, ಎರಡನೆಯದು ಶುದ್ಧೀಕರಣಕ್ಕೆ. ವೆಂಟಿಲೇಟರ್ ಸಿ ವರ್ಗದ್ದು. ಆದರೆ ಅದರ ಪರದೆ, ಗುಂಡಿಗಳು ನಾನ್-ಕ್ರಿಟಿಕಲ್, ಬ್ರೀದಿಂಗ್ ಸರ್ಕ್ಯೂಟ್ (ಉಸಿರಾಟದ ಕೊಳವೆಗಳು) ಸೆಮಿ-ಕ್ರಿಟಿಕಲ್. ಹಾಗಾಗಿ ಯಂತ್ರಕ್ಕೊಂದು ಸಾಲಲ್ಲ, ಭಾಗಕ್ಕೊಂದು ಸಾಲು. ಥರ್ಮಾಮೀಟರ್ ಅಂತೂ ಕಂಕುಳಲ್ಲಿ ನಾನ್-ಕ್ರಿಟಿಕಲ್, ಬಾಯಲ್ಲಿ ಸೆಮಿ-ಕ್ರಿಟಿಕಲ್!

ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ:

ಲ್ಯಾರಿಂಗೋಸ್ಕೋಪ್ ಬ್ಲೇಡ್ ಸೆಮಿ-ಕ್ರಿಟಿಕಲ್, ಅದರಲ್ಲಿ ಗೊಂದಲವಿಲ್ಲ. ಆದರೆ ಬಳಸಿದ ಬ್ಲೇಡ್ ಮಡಚಿದಾಗ ತುದಿ ಹಿಡಿಗೆ ತಾಗುತ್ತೆ, ಹಿಡಿಯ ಗೀರುಗಳಲ್ಲಿ ಜೊಲ್ಲು, ರಕ್ತ ಉಳಿಯುತ್ತೆ. ಹಿಡಿಯನ್ನು ಬರೀ ಒರೆಸಿದರೆ ಸಾಕೆ, ಬ್ಯಾಟರಿ ತೆಗೆದು ಬ್ಲೇಡ್ ಜೊತೆಗೇ ಹೈ-ಲೆವೆಲ್ ಡಿಸ್‌ಇನ್ಫೆಕ್ಷನ್‌ಗೆ (ಬಹುತೇಕ ಎಲ್ಲ ರೋಗಾಣು ಕೊಲ್ಲುವ ಶುದ್ಧೀಕರಣ) ಕಳಿಸುತ್ತೀರಾ?

ಗ್ಲುಕೋಮೀಟರ್ ಸ್ಪಾಲ್ಡಿಂಗ್ ಪ್ರಕಾರ ನಾನ್-ಕ್ರಿಟಿಕಲ್. ಆದರೆ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಹುದು. ಸ್ಪಿರಿಟ್ ಹತ್ತಿ ಸಾಲದು. ‘ನಾನ್-ಕ್ರಿಟಿಕಲ್, ರಕ್ತ ಸಂಪರ್ಕ’ ಅಂತ ಉಪಗುಂಪು ಮಾಡಿದವರಿದ್ದೀರಾ?

ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಮಂಡಳಿ) ತಪಾಸಣೆ ಎದುರಿಸಿದವರು ನಿಮ್ಮ ಖಾಲಿ ನಮೂನೆಯ ಫೋಟೋ ಹಾಕಿ. ಆಸ್ಪತ್ರೆ ಹೆಸರು ಮುಚ್ಚಿರಲಿ.