ಟೈಪ್ 1 ಮಧುಮೇಹ ಇಟ್ಟುಕೊಂಡು ನರ್ಸಿಂಗ್ ಓದುತ್ತಿದ್ದೇನೆ, ವಾರ್ಡ್ ಡ್ಯೂಟಿ ನಿಭಾಯಿಸುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿದೆ. ಎಂಟನೇ ತರಗತಿಯಲ್ಲಿದ್ದಾಗ ನನಗೆ ಟೈಪ್ 1 ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ ಇರುವುದು ಗೊತ್ತಾಯಿತು. ಆಗ ಆಸ್ಪತ್ರೆಯಲ್ಲಿ, ಓದು ಬರಹ ಬಾರದ ನಮ್ಮ ಅವ್ವನ ಪಕ್ಕ ಕುಳಿತು, ಸಿರಿಂಜಿನ ಯಾವ ಗೆರೆಯವರೆಗೆ ಔಷಧಿ ಎಳೆಯಬೇಕೆಂದು ಬೇಸರಪಡದೆ ಕಲಿಸಿದ ಸಿಸ್ಟರ್ ಒಬ್ಬರನ್ನು ನೋಡಿಯೇ ನಾನು ಈ ಕೋರ್ಸಿಗೆ ಸೇರಿದೆ.

ತರಗತಿಗಳು ನಡೆಯುವಾಗ ಏನೂ ತೊಂದರೆ ಇರಲಿಲ್ಲ. ವಾರ್ಡ್ ಪೋಸ್ಟಿಂಗ್ ಆರಂಭವಾದ ಮೇಲೆ ಎಲ್ಲವೂ ಏರುಪೇರಾಗಿದೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ಅರ್ಧಂಬರ್ಧ ತಿಂಡಿ ತಿಂದು ಬಸ್ಸಿಗೆ ಓಡಬೇಕು. ರೌಂಡ್ಸ್ ಮುಗಿಯುವವರೆಗೆ ನಿಂತೇ ಇರಬೇಕು. ಕಳೆದ ವಾರ ರೋಗಿಯ ಹಾಸಿಗೆ ಬದಲಿಸುತ್ತಿದ್ದಾಗ ಕೈ ನಡುಗಿ, ಮೈಯೆಲ್ಲ ಬೆವತು, ಕೇಸ್ ಶೀಟಿನ ಅಕ್ಷರಗಳು ಮಸುಕಾದವು. ಮೂಲೆಯಲ್ಲಿ ನಿಂತು ಬಿಸ್ಕತ್ತು ತಿಂದದ್ದಕ್ಕೆ ಎಲ್ಲರೆದುರು ಬೈಸಿಕೊಂಡೆ. ಕಾಯಿಲೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಮಾತು ಊರಿಗೆ ಮುಟ್ಟುತ್ತದೆ, ಮುಂದೆ ಸಂಬಂಧ ಕೂಡಿಬರುವುದಿಲ್ಲ ಎಂಬುದು ಅವ್ವನ ಹೆದರಿಕೆ. ಓದು ಬಿಡುವ ಮನಸ್ಸು ನನಗಿಲ್ಲ. ಕಾಲೇಜಿನಲ್ಲಿ ಹೇಳಬೇಕೇ? ಮುಂದೆ ನೈಟ್ ಡ್ಯೂಟಿ ಬಂದಾಗ ಇನ್ಸುಲಿನ್ ಹೊಂದಿಸಿಕೊಳ್ಳುವುದು ಹೇಗೆ?

ಉತ್ತರ: ಸ್ಟಾಫ್ ನರ್ಸ್, ಬೀದರ್

ತಂಗಿ, ನನಗೂ ಇದೇ ಕಾಯಿಲೆ ಇದೆ, ನೈಟ್ ಡ್ಯೂಟಿಯನ್ನೂ ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಹೇಳಲೇಬೇಕು. ಊರಿಗೆಲ್ಲ ಹೇಳಬೇಕಾಗಿಲ್ಲ, ಆದರೆ ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ವಾರ್ಡ್ ಇನ್‌ಚಾರ್ಜ್ ಮತ್ತು ಜೊತೆಗೆ ಡ್ಯೂಟಿ ಮಾಡುವ ಒಬ್ಬ ಗೆಳತಿಗೆ ಗೊತ್ತಿರಬೇಕು. ನಿಮ್ಮ ಶುಗರ್ ಇಳಿದ ಹೊತ್ತಿನಲ್ಲಿ ಕೈಯಲ್ಲಿ ಇಂಜೆಕ್ಷನ್ ಟ್ರೇ ಇದ್ದರೆ, ಅಪಾಯ ನಿಮಗಷ್ಟೇ ಅಲ್ಲ, ಮಂಚದ ಮೇಲಿರುವ ರೋಗಿಗೂ ಇರುತ್ತದೆ. ಆದ್ದರಿಂದ ಇದನ್ನು ರಿಯಾಯಿತಿ ಕೇಳಿದಂತೆ ಎಂದುಕೊಳ್ಳಬೇಡಿ, ರೋಗಿಯ ಸುರಕ್ಷತೆಗಾಗಿ ನೀವು ಮಾಡುವ ಕೆಲಸ ಎಂದುಕೊಳ್ಳಿ.

ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿದರೆ ಬಿಸ್ಕತ್ತು ಸರಿಯಾದ ಮದ್ದಲ್ಲ. ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. 15 ಗ್ರಾಂ ಗ್ಲೂಕೋಸ್ ಪುಡಿ, ಅದಿಲ್ಲದಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಕುಳಿತು ಮತ್ತೆ ಪರೀಕ್ಷಿಸಿ, ಇನ್ನೂ ಏರದಿದ್ದರೆ ಅಷ್ಟನ್ನೇ ಮತ್ತೊಮ್ಮೆ ತೆಗೆದುಕೊಳ್ಳಿ. ಸರಿಹೋಗುವವರೆಗೆ ಟ್ರೇಯನ್ನು ಬೇರೆಯವರಿಗೆ ಒಪ್ಪಿಸಿ. ನಾನು ಗ್ಲೂಕೋಸ್ ಪುಡಿಯನ್ನು ಅಳೆದು ಸಣ್ಣ ಪೊಟ್ಟಣಗಳಾಗಿ ಕಟ್ಟಿ ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಪರೀಕ್ಷೆಗೆ ಮುನ್ನ ಕೈ ತೊಳೆಯುವುದನ್ನು ಮರೆಯಬೇಡಿ; ರೋಗಿಗೆ ಓಆರ್‌ಎಸ್ ಕಲಸಿಕೊಟ್ಟ ಬೆರಳಿನಿಂದಲೇ ರಕ್ತ ತೆಗೆದರೆ ಇಲ್ಲದ ಸಕ್ಕರೆ ಮೀಟರಿನಲ್ಲಿ ಕಾಣುತ್ತದೆ.

ನೈಟ್ ಡ್ಯೂಟಿಯ ವಿಷಯ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನನ್ನು ಡ್ಯೂಟಿ ಯಾವುದೇ ಇರಲಿ, ಗಡಿಯಾರದ ಅದೇ ಹೊತ್ತಿಗೆ ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ. ಊಟದ ಇನ್ಸುಲಿನ್ ಮಾತ್ರ ಊಟದ ಜೊತೆಗೆ ಹೋಗುತ್ತದೆ. ಊಟ ಎಷ್ಟು ಹೊತ್ತಿಗೆ ಸಿಗುತ್ತದೆಂಬ ಖಾತ್ರಿ ಇಲ್ಲದಿದ್ದರೆ ತಟ್ಟೆ ಎದುರಿಗೆ ಬರುವವರೆಗೆ ಅದನ್ನು ತೆಗೆದುಕೊಳ್ಳಬೇಡಿ. ಡೋಸ್ ಎಷ್ಟು ಬದಲಿಸಬೇಕೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು, ಡ್ಯೂಟಿ ಪಟ್ಟಿ ಕೈಗೆ ಬಂದ ಕೂಡಲೇ ಅವರಿಗೆ ತೋರಿಸಿ. ಜ್ವರ, ವಾಂತಿ ಬಂದು ಏನೂ ತಿನ್ನಲಾಗದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರಿ ಜೀವಕ್ಕೇ ಅಪಾಯ ಬರುತ್ತದೆ.

ನಮ್ಮ ಕಡೆಯ ಬಿಸಿಲು ಬೇರೆ ಇದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹಾಸ್ಟೆಲ್ ಕೋಣೆಯ ಕಪಾಟಿನಲ್ಲಿಟ್ಟ ಇನ್ಸುಲಿನ್ ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಇನ್ನೊಂದು ಸಣ್ಣ ಕುಡಿಕೆ ಕೂರಿಸಿ, ಬಾಟಲಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಅಲ್ಲಿ ಇಡಿ. ಮರಳು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಐಸಿಗೆ ನೇರವಾಗಿ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಉಪಯೋಗಕ್ಕೆ ಬಾರದು.

ಇನ್ನೊಂದು ಮಾತು. ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ ಮಗಳಿಗೆ ಸೂಜಿ ಚುಚ್ಚಲು ಧೈರ್ಯ ಸಾಲದೆ ಅಳುತ್ತಾ ಕುಳಿತಿದ್ದರು. ನಾನು ನನ್ನ ಇನ್ಸುಲಿನ್ ಪೆನ್ ತೆಗೆದು, ಅವರೆದುರಿಗೇ ಹೊಟ್ಟೆಯ ಚರ್ಮ ಎತ್ತಿ ಹಿಡಿದು, ನನ್ನ ಮಧ್ಯಾಹ್ನದ ಡೋಸ್ ಹಾಕಿಕೊಂಡು, ಹತ್ತರವರೆಗೆ ಎಣಿಸಿ ಸೂಜಿ ಹೊರತೆಗೆದೆ. ಹುಡುಗಿಯೇ ಮೊದಲು ಕೇಳಿದಳು: "ಸಿಸ್ಟರ್, ನಿಮಗೂ ಅದೇ ಐತೇನ್ರಿ?" ಸಂಜೆ ಆ ತಾಯಿ ತಾವೇ ಚುಚ್ಚಿದರು. ನಿಮ್ಮ ಅವ್ವನಿಗೆ ಕಲಿಸಿದ ಆ ಸಿಸ್ಟರ್ ಮಾಡಿದ ಕೆಲಸವನ್ನು ನೀವು ಅವರಿಗಿಂತ ಚೆನ್ನಾಗಿ ಮಾಡಬಲ್ಲಿರಿ ಎಂದು ನಾನು ನಂಬುತ್ತೇನೆ.

ಉತ್ತರ: ನರ್ಸಿಂಗ್ ಉಪನ್ಯಾಸಕಿ, ಕಲಬುರಗಿ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ನಿಮಗೆ ಚಿಕಿತ್ಸೆ ನೀಡುವ ವೈದ್ಯರಿಂದ ಪತ್ರ ಬರೆಸಿ ಪ್ರಾಂಶುಪಾಲರಿಗೆ ಕೊಡಿ. ಡ್ಯೂಟಿಯ ನಡುವೆ ಶುಗರ್ ಪರೀಕ್ಷಿಸಲು ಮತ್ತು ಅಗತ್ಯವಿದ್ದಾಗ ತಿನ್ನಲು ಅವಕಾಶ ಬೇಕು, ಕೆಲಸ ಮಾಡಲು ಆರೋಗ್ಯ ಸಮರ್ಥವಾಗಿದೆ ಎಂಬ ಎರಡೂ ಮಾತು ಅದರಲ್ಲಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧದ ಅಂಗವೈಕಲ್ಯಗಳಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ ಸೇರಿವೆ, ಟೈಪ್ 1 ಮಧುಮೇಹ ಸೇರಿಲ್ಲ. ಹೀಗಾಗಿ ವೈದ್ಯರ ಪತ್ರಕ್ಕೆ ಹೆಚ್ಚು ತೂಕವಿದೆ. ವಿಷಯವನ್ನು ಗೋಪ್ಯವಾಗಿಡಿ ಎಂದೂ ಬರೆಯಿರಿ. ರೋಗಿಯ ಗುಟ್ಟು ಕಾಪಾಡಬೇಕೆಂದು ಪಾಠ ಹೇಳುವ ನಾವು ವಿದ್ಯಾರ್ಥಿನಿಯ ಗುಟ್ಟನ್ನೂ ಕಾಪಾಡಲೇಬೇಕು. ವಾರ್ಡಿನಲ್ಲಿ ಸೂಜಿ, ರಕ್ತದ ಜೊತೆ ಕೆಲಸವಿರುವುದರಿಂದ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿವೆಯೇ ನೋಡಿಕೊಳ್ಳಿ.

ಉತ್ತರ: ಒಬ್ಬ ತಂದೆ, ಯಾದಗಿರಿ

ನನ್ನ ಮಗಳಿಗೂ ಟೈಪ್ 1 ಇದೆ ಅವ್ವ. ನಿಮ್ಮ ತಾಯಿಯವರ ಹೆದರಿಕೆ ಸುಳ್ಳಲ್ಲ, ನಮ್ಮ ಮನೆಯಲ್ಲೂ ಅದೇ ಮಾತು ನಡೆದಿದೆ. ಆದರೂ ಮುಚ್ಚಿಟ್ಟು ಮಾಡಿಕೊಟ್ಟ ಮನೆಯಲ್ಲಿ ಹುಡುಗಿ ಕದ್ದು ಇನ್ಸುಲಿನ್ ತೆಗೆದುಕೊಳ್ಳಬೇಕಾದೀತು. ತಾಯಿಯವರನ್ನು ಒಮ್ಮೆ ನಿಮ್ಮ ವೈದ್ಯರ ಬಳಿ ಕರೆದೊಯ್ಯಿರಿ. ಈ ಕಾಯಿಲೆ ಇದ್ದವರೂ ಮದುವೆಯಾಗಿ ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆಂಬುದನ್ನು ವೈದ್ಯರ ಬಾಯಿಂದಲೇ ಕೇಳಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸೋಮವಾರ ಪತ್ರ ಕೊಡುತ್ತೇನೆ. ಅಕ್ಕ, ಊರಿಗೆ ಬಸ್ಸಿನಲ್ಲಿ ಹೋಗುವಾಗ ಇನ್ಸುಲಿನ್ ಹೇಗೆ ಒಯ್ಯಲಿ?

ಉತ್ತರ: ಸ್ಟಾಫ್ ನರ್ಸ್, ಬೀದರ್

ಸಾಮಾನಿನ ಜೊತೆ ಡಿಕ್ಕಿಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ ಸಾಕು, ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಬೇಡಿ. ಬಸ್ ನಡುದಾರಿಯಲ್ಲಿ ಕೆಟ್ಟು ನಿಂತರೂ ನಡೆಯುವಂತೆ ಗ್ಲೂಕೋಸ್ ಪೊಟ್ಟಣದ ಜೊತೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡಿ.